ಕ್ಯೂಟ್ ಅನ್ನಿಸಿದ್ದನ್ನೆಲ್ಲ ಸಾಕಬಹುದಾ?

2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕರೊಬ್ಬರ ಟ್ರಾಲಿ ಬ್ಯಾಗನ್ನು ಕಸ್ಟಮ್ಸ್ ಅಧಿಕಾರಿಗಳು ತೆರೆದಾಗ ಒಳಗಿದ್ದದ್ದು 234 ಜೀವಿಗಳು. ಹೆಬ್ಬಾವು, ಗೋಸುಂಬೆ, ಇಗ್ವಾನಾ, ಆಮೆ, ಮೊಸಳೆ ಜಾತಿಯ ಮರಿಗಳು. ಜತೆಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಕಾಂಗರೂ ಮರಿ. ಅದು ಉಸಿರುಗಟ್ಟಿ ಸತ್ತುಹೋಗಿತ್ತು. ಎರಡೇ ವಾರ ಕಳೆದ ಮೇಲೆ, ಸೆಪ್ಟೆಂಬರ್ 6ರ ರಾತ್ರಿ, ಅದೇ ಬ್ಯಾಂಕಾಕ್ ದಾರಿಯಲ್ಲಿ ಬಂದ ವಾರಸುದಾರರಿಲ್ಲದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಆರು ಕ್ಯಾಪುಚಿನ್ ಕೋತಿಗಳು ಸಿಕ್ಕವು. ಹಾವುಗಳು ಬದುಕಿದ್ದವು, ಕೋತಿಗಳು ಆರೂ ಸತ್ತಿದ್ದವು.

ಈ ಸುದ್ದಿಗಳನ್ನು ನಾವು ಓದುವುದು ಸಾಮಾನ್ಯವಾಗಿ ಅಪರಾಧ ಸುದ್ದಿಯ ಹಾಗೆ. ಕಳ್ಳಸಾಗಣೆದಾರ, ಬ್ಯಾಗು, ಕಸ್ಟಮ್ಸ್, ಮುಗಿಯಿತು. ಆದರೆ ಒಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ಇವುಗಳನ್ನು ಕೊಳ್ಳುವವರು ಯಾರು? ಚಿನ್ನ ತಂದರೆ ಅಂಗಡಿಯವನು ಕರಗಿಸಿ ಮಾರುತ್ತಾನೆ. ಐವತ್ತೈದು ಹೆಬ್ಬಾವುಗಳನ್ನು ಕರಗಿಸಲು ಆಗುವುದಿಲ್ಲ. ಅವು ಐವತ್ತೈದು ಮನೆಗಳಿಗೆ ಹೋಗಬೇಕು. ಆ ಮನೆಗಳಲ್ಲಿ ಇರುವವರು ಬಹುತೇಕ ನಮ್ಮ ವಯಸ್ಸಿನವರೇ, ಅಥವಾ ನಮಗಿಂತ ಐದಾರು ವರ್ಷ ದೊಡ್ಡವರು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಪರಿಚಯದವರಿಂದ ಬರುವ ಫೋನ್‌ಗಳಲ್ಲಿ ಅರ್ಧ ಇಂಥವೇ. ‘ನೀನು ಜುವಾಲಜಿ ಅಲ್ವಾ, ಇಗ್ವಾನಾ ಸಾಕಬಹುದಾ ಹೇಳು ಗುರು.’

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ಇದು ಬೇಕಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ದೇಶದ ಕಾಡುಪ್ರಾಣಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವನ್ನೂ ನಿಷೇಧಿಸುತ್ತದೆ. ಆದರೆ ಹೊರದೇಶದ ಪ್ರಾಣಿಗಳ ವಿಷಯದಲ್ಲಿ ಅದು ಬಹುಕಾಲ ಬಾಯಿಬಿಡಲಿಲ್ಲ. ಅಂದರೆ ಆಫ್ರಿಕಾದ ಬೂದು ಗಿಣಿಯೋ ದಕ್ಷಿಣ ಅಮೆರಿಕದ ಇಗ್ವಾನಾವೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಕಸ್ಟಮ್ಸ್ ಕೇಸು, ಗೇಟು ದಾಟಿ ಹೊರಬಂದರೆ ಯಾರ ಕೈಗೂ ಸಿಗದ ಮಾಲು. ಈ ಕಿಂಡಿಯಲ್ಲೇ ಇಡೀ ‘ಎಕ್ಸಾಟಿಕ್ ಪೆಟ್’ ವ್ಯಾಪಾರ ಬೆಳೆದದ್ದು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಯೋಜನೆ ತಂದಿತು: ನಿಮ್ಮ ಬಳಿ ಇರುವ ಹೊರದೇಶದ ಪ್ರಾಣಿಯನ್ನು ಸ್ವಯಂಪ್ರೇರಿತವಾಗಿ ಘೋಷಿಸಿ, ಆರು ತಿಂಗಳೊಳಗೆ ಹೇಳಿದರೆ ದಾಖಲೆ ಕೇಳುವುದಿಲ್ಲ ಅಂತ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಮುಂದೆ ಬಂದರು. ದಾಖಲೆ ಇಲ್ಲದ ಪ್ರಾಣಿಗಳು ಒಂದೇ ಅರ್ಜಿಯಿಂದ ಸಕ್ರಮವಾದವು ಎಂದು ಟೀಕಿಸಿದವರೂ ಇದ್ದಾರೆ. ನನಗೂ ಅದು ಅಕ್ರಮ ಸೈಟುಗಳಿಗೆ ಬಿ ಖಾತಾ ಕೊಟ್ಟ ಹಾಗೇ ಕಂಡಿತು.

ನಿಜವಾದ ಬದಲಾವಣೆ ಆದದ್ದು 2022ರ ತಿದ್ದುಪಡಿಯಲ್ಲಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ನಾಲ್ಕನೆಯದು ಪೂರ್ತಿಯಾಗಿ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳಿಗೆ ಮೀಸಲು. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಈ ಒಪ್ಪಂದಕ್ಕೆ ಭಾರತ 1976ರಲ್ಲೇ ಸೇರಿತ್ತು. ಅದನ್ನು ದೇಶದೊಳಗಿನ ಕಾನೂನಾಗಿ ಮಾಡಲು ನಮಗೆ ಸುಮಾರು ಅರ್ಧ ಶತಮಾನ ಹಿಡಿಯಿತು. 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ‘ಪರಿವೇಶ್ 2.0’ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕಿತ್ತು. ಮರಿ ಹಾಕಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಆಫ್ರಿಕಾದ ಬೂದು ಗಿಣಿ, ಮಕಾವ್, ಬಾಲ್ ಪೈಥಾನ್, ಹಸಿರು ಇಗ್ವಾನಾ, ಮಾರ್ಮೊಸೆಟ್ ಕೋತಿ ಎಲ್ಲ ಇದರೊಳಗೆ ಬರುತ್ತವೆ. ಬಜರಿಗಾರ್ ಮತ್ತು ಕಾಕಟೀಲ್ ಬರುವುದಿಲ್ಲ.

ಸ್ವಾರಸ್ಯ ಇರುವುದು ನಮ್ಮದೇ ಹಸಿರು ಗಿಣಿಯ ವಿಷಯದಲ್ಲಿ. ಮಕಾವ್ ಸಾಕುವವನಿಗೆ ನೋಂದಣಿ ಎಂಬ ದಾರಿಯಾದರೂ ಇದೆ. ಕೆಂಪು ಕೊಕ್ಕಿನ, ಕೊರಳಲ್ಲಿ ಉಂಗುರವಿರುವ ನಮ್ಮೂರ ಗಿಣಿಯನ್ನು ಪಂಜರದಲ್ಲಿಟ್ಟವನಿಗೆ ಯಾವ ದಾರಿಯೂ ಇಲ್ಲ. ಅದು ಎರಡನೇ ಅನುಸೂಚಿಯಲ್ಲಿದೆ. ಮನೆಯಲ್ಲಿದ್ದರೆ ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಊರಲ್ಲಿ ಇದನ್ನು ಹೇಳಿದರೆ ಅಜ್ಜಿ ನಗುತ್ತಾಳೆ. ‘ನಮ್ಮಪ್ಪನ ಕಾಲದಿಂದ ಗಿಣಿ ಸಾಕಿದೀವಿ ಕಣಪ್ಪ, ಯಾವ ಪೊಲೀಸ್ನೋನು ಬಂದಿದ್ದ? ಅದಕ್ಕೆ ಹಣ್ಣು ಕೊಡ್ದೆ ನಾವೇ ತಿಂದಿದ್ದುಂಟಾ?’ ಅಜ್ಜಿ ಹೇಳುವುದು ಸುಳ್ಳಲ್ಲ. ಗಿಣಿಗೆ ಮಾತು ಕಲಿಸುವುದು, ಗಿಣಿಶಾಸ್ತ್ರ ಕೇಳುವುದು, ಮಗುವಿಗೆ ಗಿಣಿ ತೋರಿಸಿ ಊಟ ಮಾಡಿಸುವುದು ನಮ್ಮ ಬದುಕಿನೊಳಗೆ ಹೊಕ್ಕಿರುವ ಸಂಗತಿ. ಕ್ರೌರ್ಯ ಎಂಬ ಪದ ಅಲ್ಲಿ ಯಾರ ತಲೆಗೂ ಬರುವುದಿಲ್ಲ. ಆದರೆ ಆ ಗಿಣಿ ಪಂಜರಕ್ಕೆ ಬಂದದ್ದು ಹೇಗೆ ಎಂಬುದನ್ನು ಅಜ್ಜಿಯೂ ನೋಡಿಲ್ಲ. ಪೊಟರೆಗೆ ಕೈಹಾಕಿ ರೆಕ್ಕೆ ಬಲಿಯದ ಮರಿ ತೆಗೆಯುತ್ತಾರೆ, ಚೀಲದಲ್ಲಿ ತುಂಬುತ್ತಾರೆ. ಸಂತೆಗೆ ಬರುವಷ್ಟರಲ್ಲಿ ಬದುಕುಳಿದದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ಹಿಡಿಯುವವರ ಕಡೆಯನ್ನೂ ನೋಡಬೇಕು. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದ ಹೆಸರಲ್ಲೇ ಹಕ್ಕಿ ಇದೆ. ತಲೆಮಾರುಗಳ ಕಸುಬು 1972ರ ಕಾಯ್ದೆಯ ನಂತರ ಅಪರಾಧವಾಯಿತು. ಬದಲಿ ಬದುಕು ಎಂದು ಸಿಕ್ಕಿದ್ದು ಗಿಡಮೂಲಿಕೆ, ಕೂದಲೆಣ್ಣೆ ಮಾರಾಟ. ಅದನ್ನೇ ನಂಬಿ ಆಫ್ರಿಕಾದವರೆಗೆ ಹೋದವರು 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದ ನಡುವೆ ಸಿಕ್ಕಿಕೊಂಡಾಗಲೇ ನಮ್ಮ ಟಿ.ವಿ.ಗಳಿಗೆ ಅವರ ನೆನಪಾದದ್ದು. ಹಕ್ಕಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದವನಿಗೆ ಕಾನೂನು ಅಂದೇ ಬಿಗಿಯಾಯಿತು. ಲಕ್ಷಾಂತರ ಕೊಟ್ಟು ವಿದೇಶಿ ಪ್ರಾಣಿ ತರಿಸಿಕೊಂಡವನಿಗೆ 2020ರಲ್ಲಿ ಕ್ಷಮಾದಾನ. ಈ ತಾರತಮ್ಯ ನನಗೆ ನುಂಗಲಾಗದ ತುತ್ತು.

ಶ್ರೀಮಂತರ ಸಾಕಾಣಿಕೆಯ ಮಾತು ಬಂತು ಅಂತ ಹೇಳುತ್ತೇನೆ. 2023ರ ಜನವರಿಯಲ್ಲಿ ಮೈಸೂರು ಭಾಗದಲ್ಲಿರುವ ಚಿತ್ರನಟರೊಬ್ಬರ ಫಾರ್ಮ್‌ಹೌಸ್‌ನಲ್ಲಿ ಅರಣ್ಯ ಇಲಾಖೆಯವರು ಪಟ್ಟೆತಲೆ ಹೆಬ್ಬಾತುಗಳನ್ನು ಪತ್ತೆ ಹಚ್ಚಿದರು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಚಳಿಗಾಲಕ್ಕೆ ನಮ್ಮ ಹದಿನಾರು ಕೆರೆಯಂಥ ಕೆರೆಗಳಿಗೆ ಬರುವ ಹಕ್ಕಿ ಅದು. ಅಷ್ಟು ಎತ್ತರ ಹಾರಬಲ್ಲ ಹಕ್ಕಿಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಅದನ್ನು ಬೇಲಿಯೊಳಗೆ ಬಾತುಕೋಳಿಯ ಹಾಗೆ ಓಡಾಡಿಸುವುದರಲ್ಲಿ ಏನು ಸುಖವೋ. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರ ಕೊರಳಲ್ಲಿದ್ದ ಹುಲಿ ಉಗುರಿನ ಲಾಕೆಟ್ ಬಂಧನದವರೆಗೆ ಹೋದಾಗ ಮಾತ್ರ ರಾಜ್ಯದ ಜನಕ್ಕೆಲ್ಲ ಇಂಥದ್ದೊಂದು ಕಾಯ್ದೆ ಇದೆ ಎಂಬುದು ಗೊತ್ತಾಯಿತು.

ಇಷ್ಟೆಲ್ಲ ಇದ್ದರೂ ಆಸೆ ಯಾಕೆ ಹುಟ್ಟುತ್ತದೆ? ಬೆರಳು ತೋರಿಸಿ ಬೈಯುವುದು ಸುಲಭ. ನನ್ನ ಪಿ.ಜಿ. ರೂಮ್‌ಮೇಟ್ ಒಬ್ಬ ಶುಗರ್ ಗ್ಲೈಡರ್ ತಂದಿದ್ದ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ, ಅಂಗೈ ಮೇಲೆ ಕೂರುವ, ಮರದಿಂದ ಮರಕ್ಕೆ ತೇಲುವ ಪುಟ್ಟ ಜೀವಿ. ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿ, ಗೂಗಲ್ ಪೇ ಮಾಡಿ, ಬಸ್ ಸ್ಟಾಪಿನಲ್ಲಿ ಶೂ ಡಬ್ಬಿಯೊಳಗೆ ಇಸಿದುಕೊಂಡು ಬಂದ. ಕಲಬುರಗಿ ಕಡೆಯ ಹುಡುಗ, ಕಸ್ಟಮರ್ ಸಪೋರ್ಟ್‌ನಲ್ಲಿ ನೈಟ್ ಶಿಫ್ಟು. ಬೆಳಗ್ಗೆ ಅವನು ಬರುವಾಗ ನಾವೆಲ್ಲ ಹೊರಟಿರುತ್ತೇವೆ, ಸಂಜೆ ನಾವು ಬರುವಾಗ ಅವನು ಹೊರಡುತ್ತಾನೆ. ನಾಯಿ ಸಾಕಲು ಪಿ.ಜಿ. ಓನರ್ ಬಿಡುವುದಿಲ್ಲ. ‘ನಾ ಬಂದೆ ಅಂದ್ರ ನನ್ನ ಸಲುವಾಗಿ ಎದ್ದು ಕೂಡೂದು ಇದೊಂದೇ ನೋಡೋ’ ಅಂತಿದ್ದ. ಅಂಗಿಯ ಜೇಬಿನಲ್ಲಿ ಅದು ಮುದುಡಿ ಮಲಗಿದಾಗ ಅವನ ಮುಖ ನೋಡಿದವರು ಯಾರೂ ಅವನನ್ನು ಕೆಟ್ಟವನು ಅನ್ನಲಾರರು. ರಾತ್ರಿ ಎಚ್ಚರವಿರುವ ಪ್ರಾಣಿಗೂ ರಾತ್ರಿ ದುಡಿಯುವ ಹುಡುಗನಿಗೂ ಹೊಂದಿಕೆ ಕೂಡ ಆಗಿತ್ತು, ರಜೆಯ ದಿನಗಳಲ್ಲಿ.

ತೊಂದರೆ ಶುರುವಾದದ್ದು ಅವನಿಗೆ ಡೇ ಶಿಫ್ಟ್ ಆದ ಮೇಲೆ. ರಾತ್ರಿ ಎರಡು ಗಂಟೆಗೆ ಅದು ನಾಯಿಮರಿಯ ಹಾಗೆ ಬೊಗಳುತ್ತಿತ್ತು. ಶುಗರ್ ಗ್ಲೈಡರ್‌ಗಳು ಗುಂಪಿನಲ್ಲಿ ಬದುಕುವ ಪ್ರಾಣಿಗಳು, ಒಂಟಿಯಾಗಿಟ್ಟರೆ ತಮ್ಮ ಮೈಯನ್ನೇ ಕಚ್ಚಿಕೊಳ್ಳುವುದೂ ಉಂಟು. ಕಾಡಿನಲ್ಲಿ ಅವು ಮರದ ಅಂಟುರಸ, ಮಕರಂದ, ಹುಳುಹುಪ್ಪಟೆ ತಿನ್ನುತ್ತವೆ. ನಮ್ಮ ರೂಮಿನಲ್ಲಿ ಬಾಳೆಹಣ್ಣು, ಮಾರಿ ಬಿಸ್ಕತ್ತು. ಕೆಲವು ತಿಂಗಳಲ್ಲಿ ಹಿಂಗಾಲು ಎಳೆಯತೊಡಗಿತು. ಹತ್ತಿರದ ಪಶುವೈದ್ಯರು, ‘ನಾಯಿ, ಬೆಕ್ಕು, ದನ ಆದ್ರೆ ನೋಡ್ತೀನಪ್ಪ, ಇದು ನಂಗೆ ಗೊತ್ತಿಲ್ಲ’ ಅಂತ ಪ್ರಾಮಾಣಿಕವಾಗಿ ಹೇಳಿದರು. ಇಂಥ ಪ್ರಾಣಿಗಳನ್ನೇ ನೋಡುವ ಇನ್ನೊಬ್ಬರು ಸಿಕ್ಕು, ಕ್ಯಾಲ್ಸಿಯಂ ಕೊರತೆ ಎಂದು ಗೊತ್ತಾಗಿ, ಚಿಕಿತ್ಸೆಗೆ ಖರ್ಚಾದದ್ದು ಅದರ ಬೆಲೆಗಿಂತ ಹೆಚ್ಚು. ಅಷ್ಟರಲ್ಲಿ ಅವನಿಗೆ ಪುಣೆಗೆ ವರ್ಗ. ಈಗ ಇದನ್ನು ಏನು ಮಾಡುವುದು? ಮೃಗಾಲಯದವರು ಹೀಗೆ ತಂದುಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವುದಿಲ್ಲ. ಮಾರಿದವನು ಬ್ಲಾಕ್ ಮಾಡಿದ್ದ. ‘ಕಬ್ಬನ್ ಪಾರ್ಕಿಗೆ ಬಿಟ್ಟುಬಿಡೋಣ’ ಎಂದು ಒಬ್ಬರು ಸಲಹೆ ಕೊಟ್ಟರು, ಅದೇನೋ ದೊಡ್ಡ ಉಪಕಾರ ಎಂಬ ಹಾಗೆ. ಕೊನೆಗೆ ಎರಡು ಗ್ಲೈಡರ್ ಸಾಕಿಕೊಂಡಿದ್ದ ದಂಪತಿಯೊಬ್ಬರು ಒಯ್ದರು. ಹಿಂಗಾಲು ಪೂರ್ತಿ ಸರಿಹೋಗಲಿಲ್ಲ.

ಗಮನಿಸಿ, ಇಲ್ಲಿ ಕಾನೂನು ಮುರಿದದ್ದು ಏನೂ ಇರಲಿಲ್ಲ. ಶುಗರ್ ಗ್ಲೈಡರ್ ಸೈಟಿಸ್ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ನಾಲ್ಕನೇ ಅನುಸೂಚಿಯಲ್ಲೂ ಇಲ್ಲ. ಸೈಟಿಸ್ ಕೇಳುವ ಪ್ರಶ್ನೆ ‘ವ್ಯಾಪಾರದಿಂದ ಈ ಪ್ರಭೇದ ಅಳಿದುಹೋಗುತ್ತದೆಯೇ?’ ಎಂಬುದು ಮಾತ್ರ. ‘ಈ ಪ್ರಾಣಿ ಹತ್ತಡಿ ರೂಮಿನಲ್ಲಿ ಬದುಕಬಲ್ಲದೇ?’ ಎಂದು ಅದು ಕೇಳುವುದಿಲ್ಲ. ನಮ್ಮ ಕಾಯ್ದೆಯೂ ಕೇಳುವುದಿಲ್ಲ.

ಆಸೆಯನ್ನು ಬಿತ್ತುವ ಕೆಲಸ ಮಾಡುತ್ತಿರುವುದು ವಿಡಿಯೊಗಳು. 2009ರಲ್ಲಿ ಸ್ಲೋ ಲೋರಿಸ್ ಎಂಬ ಆಗ್ನೇಯ ಏಷ್ಯಾದ ಪ್ರಾಣಿಗೆ ಕಚಗುಳಿ ಇಡುವ ವಿಡಿಯೊವೊಂದು ಯೂಟ್ಯೂಬ್‌ನಲ್ಲಿ ಹರಿದಾಡಿತ್ತು. ಅದು ಎರಡೂ ಕೈ ಮೇಲೆತ್ತಿ ಕಣ್ಣರಳಿಸುತ್ತದೆ, ನೋಡಿದವರೆಲ್ಲ ‘ಅಯ್ಯೋ ಮುದ್ದು’ ಅನ್ನುತ್ತಾರೆ. ಅದು ಕೈ ಎತ್ತುವುದು ಖುಷಿಗಲ್ಲ. ಅದರ ತೋಳಿನ ಒಳಭಾಗದಲ್ಲಿ ಒಂದು ಗ್ರಂಥಿ ಇದೆ. ಆ ಸ್ರಾವವನ್ನು ಎಂಜಲಿನೊಂದಿಗೆ ಬೆರೆಸಿ ವಿಷ ಮಾಡಿಕೊಳ್ಳುವ ಅಪರೂಪದ ಸಸ್ತನಿ ಅದು. ಕೈ ಎತ್ತಿತು ಅಂದರೆ ಭಯಗೊಂಡು ಕಚ್ಚಲು ಸಿದ್ಧವಾಯಿತು ಅಂತ ಅರ್ಥ. ಹಾಗೆ ಕಚ್ಚಬಾರದೆಂದೇ ಮಾರುವವರು ಅರಿವಳಿಕೆಯೂ ಇಲ್ಲದೆ ಅದರ ಹಲ್ಲುಗಳನ್ನು ಕತ್ತರಿಸುತ್ತಾರೆ. ಸಂಶೋಧಕಿ ಆ್ಯನಾ ನೆಕಾರಿಸ್ ಮತ್ತು ಅವರ ಸಂಗಡಿಗರು ಆ ವಿಡಿಯೊದ ಕೆಳಗಿನ ಕಮೆಂಟ್‌ಗಳನ್ನೇ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ‘ನನಗೂ ಇಂಥದ್ದು ಬೇಕು’ ಎಂಬ ಧಾಟಿಯವು ಅದರಲ್ಲಿ ಸಾಕಷ್ಟಿದ್ದವು.

ಅದರ ದಾಯಾದಿಯೊಂದು ನಮ್ಮಲ್ಲೂ ಇದೆ: ಕಾಡುಪಾಪ. ವಿಷವಿಲ್ಲ, ಅಷ್ಟೇ ದೊಡ್ಡ ಕಣ್ಣು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನ ಮರಗಳಲ್ಲೂ ಬದುಕಿಕೊಂಡಿದೆ. ಮಾಟಮಂತ್ರದವರ ಕಾಟ ಅದಕ್ಕೆ ಮೊದಲೇ ಇತ್ತು, ರೀಲ್ಸ್‌ನವರ ಕಾಟವೂ ಸೇರಿಕೊಳ್ಳದಿದ್ದರೆ ಸಾಕು.

ವಾದಕ್ಕೆ ಬರುವವರು ಎರಡು ಮಾತು ಹೇಳುತ್ತಾರೆ. ಒಂದು, ‘ನಾಯಿಯೂ ಒಂದು ಕಾಲಕ್ಕೆ ತೋಳವೇ ಆಗಿತ್ತಲ್ವಾ?’ ಹೌದು, ಆದರೆ ಆ ಬದಲಾವಣೆ ನಡೆದದ್ದು ಯಾರದೋ ಒಂದು ರೂಮಿನಲ್ಲಲ್ಲ, ಹದಿನೈದು ಸಾವಿರ ವರ್ಷಗಳ ಆಸುಪಾಸಿನಲ್ಲಿ, ಎಷ್ಟೋ ತಲೆಮಾರುಗಳಲ್ಲಿ. ರಷ್ಯಾದ ವಿಜ್ಞಾನಿ ಬೆಲ್ಯಾಯೆವ್ 1959ರಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ನರಿಗಳ ಮೇಲೆ ಪ್ರಯೋಗ ಶುರುಮಾಡಿದರು. ಪ್ರತಿ ತಲೆಮಾರಿನಲ್ಲಿ ಮನುಷ್ಯನಿಗೆ ಅತಿ ಕಡಿಮೆ ಹೆದರುವ ನರಿಗಳನ್ನು ಮಾತ್ರ ಆರಿಸಿ ಮರಿ ಮಾಡಿಸಿದರು. ತಲೆಮಾರುಗಳು ಉರುಳಿದ ಮೇಲೆ ಬಾಲ ಅಲ್ಲಾಡಿಸುವ ನರಿಗಳು ಹುಟ್ಟಿದವು. ಬದಲಾದದ್ದು ವಂಶ. ಒಂದು ಕಾಡುಮರಿಯನ್ನು ಹಾಲು ಕುಡಿಸಿ ಬೆಳೆಸಿದರೆ ಅದು ನಮಗೆ ಒಗ್ಗಿಕೊಳ್ಳುತ್ತದೆ, ಸಾಕುಪ್ರಾಣಿ ಆಗಿಬಿಡುವುದಿಲ್ಲ. 2025ರ ಜುಲೈನಲ್ಲಿ ಲಾಹೋರಿನ ಮನೆಯೊಂದರ ಸಾಕು ಸಿಂಹ ಗೋಡೆ ಹಾರಿ ರಸ್ತೆಯಲ್ಲಿದ್ದ ಮಹಿಳೆ ಮತ್ತು ಇಬ್ಬರು ಮಕ್ಕಳ ಮೇಲೆ ಬಿದ್ದದ್ದನ್ನು ನಾವೆಲ್ಲ ಸಿಸಿಟಿವಿ ದೃಶ್ಯದಲ್ಲಿ ನೋಡಿದ್ದೇವೆ.

ಎರಡನೆಯದು ಹೆಚ್ಚು ಕಷ್ಟದ ಪ್ರಶ್ನೆ: ‘ಪ್ರೀತಿಯಿಂದ ಸಾಕಿದರೂ ತಪ್ಪಾ?’ ಉತ್ತರ ಪ್ರದೇಶದ ಅಮೇಠಿಯ ಯುವಕನೊಬ್ಬ 2022ರಲ್ಲಿ ಕಾಲು ಮುರಿದು ಬಿದ್ದಿದ್ದ ಸಾರಸ್ ಕೊಕ್ಕರೆಯನ್ನು ಉಪಚರಿಸಿದ. ಪಂಜರದಲ್ಲಿಡಲಿಲ್ಲ, ರೆಕ್ಕೆ ಕತ್ತರಿಸಲಿಲ್ಲ. ಅದು ಹಾರಿಹೋಗಿ ಮತ್ತೆ ಬರುತ್ತಿತ್ತು, ಅವನ ಬೈಕಿನ ಹಿಂದೆ ಹಾರುತ್ತಿತ್ತು. ವಿಡಿಯೊ ವೈರಲ್ ಆದ ಮೇಲೆ 2023ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಅದನ್ನು ಒಯ್ದಿತು, ಅವನ ಮೇಲೆ ಪ್ರಕರಣ ಹಾಕಿತು. ಹಕ್ಕಿ ಕೊನೆಗೆ ಸೇರಿದ್ದು ಕಾನ್ಪುರದ ಮೃಗಾಲಯಕ್ಕೆ. ಅವನು ನೋಡಲು ಹೋದಾಗ ಅದು ಜಾಲರಿಯೊಳಗೆ ರೆಕ್ಕೆ ಬಡಿದು ಕುಣಿದ ದೃಶ್ಯ ಕಲ್ಲನ್ನೂ ಕರಗಿಸುವಂತಿತ್ತು. ಬಯಲಲ್ಲಿ ಹಾರಾಡಿಕೊಂಡಿದ್ದ ಹಕ್ಕಿಯನ್ನು ‘ರಕ್ಷಿಸಿ’ ಬಂಧನದಲ್ಲಿಡುವುದು ಕಾನೂನಿನ ಅಕ್ಷರವನ್ನು ಪಾಲಿಸಿ ಅರ್ಥವನ್ನು ಕೈಬಿಟ್ಟ ಹಾಗೆ ಎಂಬುದೇ ನನ್ನ ಅಭಿಪ್ರಾಯ. ಆದರೆ ಆ ಯುವಕನ ಉದಾಹರಣೆಯನ್ನು ಇಗ್ವಾನಾ ಕೊಂಡವರು ಬಳಸಿಕೊಳ್ಳುವುದು ಸರಿಯಲ್ಲ. ಅವನು ಹಕ್ಕಿಯನ್ನು ಕೊಳ್ಳಲಿಲ್ಲ, ಅದು ಹೋಗುವ ದಾರಿಯನ್ನು ಮುಚ್ಚಲಿಲ್ಲ.

ಸಿಬಿಎಸ್‌ಇ ಒಂಬತ್ತನೇ ತರಗತಿಯಲ್ಲಿ ಕೆನೆತ್ ಆ್ಯಂಡರ್ಸನ್ ಬರೆದ ಕರಡಿಯ ಪಾಠ ಓದಿದವರಿಗೆ ಬ್ರೂನೊ ನೆನಪಿರಬಹುದು. ಬೆಂಗಳೂರಿನ ಮನೆಯಲ್ಲಿ ಬೆಳೆದ ಕರಡಿಮರಿ ಮೈಸೂರು ಮೃಗಾಲಯಕ್ಕೆ ಹೋಗಿ, ಅಲ್ಲಿ ಊಟ ಬಿಟ್ಟು, ಮನೆಗೆ ಮರಳುವ ಕಥೆ. ಎಲ್ಲರಿಗೂ ಕರಡಿಯ ಪ್ರೀತಿ ನೆನಪಿರುತ್ತದೆ. ಆ ಮರಿ ಮನೆಗೆ ಬಂದದ್ದು ಹೇಗೆ? ಅದರ ತಾಯಿಯನ್ನು ಸುಮ್ಮನೆ ಗುಂಡಿಕ್ಕಿ ಕೊಂದ ಮೇಲೆ. ಅದೂ ಅದೇ ಪಾಠದಲ್ಲಿದೆ.

ಬೇಸರ ಬಂದ ಮೇಲೆ ಬಿಟ್ಟುಬಿಡುವವರ ಕಥೆ ಇನ್ನೊಂದು. ನಾಣ್ಯದಷ್ಟಿರುವಾಗ ಗಾಜಿನ ತೊಟ್ಟಿಯಲ್ಲಿ ಮಾರುವ ಕೆಂಪು ಕಿವಿಯ ಆಮೆ ಅಮೆರಿಕದ ಮಿಸಿಸಿಪಿ ಕಣಿವೆಯದು. ಅದು ಊಟದ ತಟ್ಟೆಯಷ್ಟು ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಆಗ ಕೆರೆಗೆ ಬಿಡುತ್ತಾರೆ. ಅಲ್ಲಿ ಅದು ನಮ್ಮ ಆಮೆಗಳ ಆಹಾರ, ಬಿಸಿಲು ಕಾಯುವ ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ಹರಡುತ್ತದೆಂದು ಅಮೆರಿಕ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ನಮ್ಮಲ್ಲಿ ಅಕ್ವೇರಿಯಂ ಅಂಗಡಿಗೆ ಹೋಗಿ ‘ಲಕ್ಕಿ ಟರ್ಟಲ್ ಇದೆಯಾ’ ಎಂದು ಕೇಳಿ ನೋಡಿ.

ನಮ್ಮದು ಅಲ್ಲಿಗೆ ಹೋಗುವುದೂ ಇದೆ. ಆಂಧ್ರ, ಕೋಲಾರ ಸೀಮೆಯ ಕುರುಚಲು ಕಾಡಿನ ನಕ್ಷತ್ರ ಆಮೆ ಹೊರದೇಶಗಳಲ್ಲಿ ಸಾಕುವ ಗೀಳಿಗೆ ಬಲಿಯಾಗುತ್ತಿದೆ. ವ್ಯಾಪಾರ ಎಷ್ಟು ಮಿತಿಮೀರಿತೆಂದರೆ 2019ರಲ್ಲಿ ಅದನ್ನು ಸೈಟಿಸ್‌ನ ಮೊದಲ ಅನುಬಂಧಕ್ಕೆ ಏರಿಸಬೇಕಾಯಿತು. 2018ರ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ರಕ್ಷಿಸಿದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ವಾಪಸಾದವು. ಅಪರೂಪದ ಭಾಗ್ಯ ಅದು. ವಶಪಡಿಸಿಕೊಂಡ ಎಲ್ಲ ಆಮೆಗಳನ್ನೂ ಹೀಗೆ ಬಿಡಲಾಗುವುದಿಲ್ಲ. ಯಾವುದು ಯಾವ ಸೀಮೆಯದು ಎಂದು ತಿಳಿಯದೆ ಬಿಟ್ಟರೆ ಬೇರೆ ಬೇರೆ ಕಡೆಯ ತಳಿಗಳು ಬೆರೆಯುತ್ತವೆ, ರೋಗವೂ ಹರಡಬಹುದು.

ಕೆಲಸ ಹುಡುಕುವವರಿಗೆ ಒಂದು ಪ್ರಾಯೋಗಿಕ ಮಾತು. ಗಿಣಿಯನ್ನೋ ನಕ್ಷತ್ರ ಆಮೆಯನ್ನೋ ಹಿಡಿದುಕೊಂಡು ಹಾಕಿದ ರೀಲ್ ಸಾಕ್ಷ್ಯವಾಗಬಲ್ಲದು. ನಕ್ಷತ್ರ ಆಮೆ ಈಗ ಮೊದಲ ಅನುಸೂಚಿಯಲ್ಲಿದೆ, ಅದಕ್ಕೆ ಕನಿಷ್ಠವೇ ಮೂರು ವರ್ಷ ಶಿಕ್ಷೆ, ಏಳು ವರ್ಷದವರೆಗೂ ಹೋಗಬಹುದು. ಪ್ರಕರಣ ಬಾಕಿಯಿದ್ದರೆ ಪಾಸ್‌ಪೋರ್ಟ್‌ಗೂ ಸರ್ಕಾರಿ ನೌಕರಿಯ ಪೊಲೀಸ್ ವೆರಿಫಿಕೇಷನ್‌ಗೂ ತೊಡಕು. ಮನೆಯಲ್ಲಿ ಹಳೆಯ ಗಿಣಿ ಇದ್ದರೆ ಏಕಾಏಕಿ ಪಂಜರ ತೆರೆದು ಹಾರಿಸಬೇಡಿ. ವರ್ಷಗಟ್ಟಲೆ ಹಾರದ ಹಕ್ಕಿ ಕಾಗೆಗಳ ಪಾಲಾಗುತ್ತದೆ. ಅರಣ್ಯ ಇಲಾಖೆಗೋ ಪುನರ್ವಸತಿ ಕೇಂದ್ರಕ್ಕೋ ತಿಳಿಸಿ ಒಪ್ಪಿಸುವುದು ಸರಿ.

ಇನ್ನು ಕಾಯ್ದೆಯ ವಿಷಯ. ನಮ್ಮದು ಏನನ್ನು ಸಾಕಬಾರದು ಎಂದು ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಮಾರಾಟಕ್ಕೆ ಮುಕ್ತ. ಬೆಲ್ಜಿಯಂ ಇದನ್ನು ತಿರುಗಿಸಿತು: ಯಾವ ಸಸ್ತನಿಗಳನ್ನು ಸಾಕಬಹುದು ಎಂಬ ಪಟ್ಟಿ ಮಾಡಿತು, ಉಳಿದದ್ದೆಲ್ಲ ನಿಷಿದ್ಧ. ನೆದರ್‌ಲೆಂಡ್ಸ್‌ನಲ್ಲಿ 2024ರ ಜುಲೈ 1ರಿಂದ ಅಂಥದ್ದೇ ಪಟ್ಟಿ ಜಾರಿಯಲ್ಲಿದೆ, ಅದರಲ್ಲಿರುವುದು ಮೂವತ್ತು ಸಸ್ತನಿಗಳು. ಹೊಸ ಪ್ರಾಣಿಯೊಂದು ಮಾರುಕಟ್ಟೆಗೆ ಬರಬೇಕಾದರೆ ಅದು ಮನೆಯಲ್ಲಿ ಚೆನ್ನಾಗಿ ಬದುಕಬಲ್ಲದು ಎಂಬುದು ಮೊದಲು ತೀರ್ಮಾನವಾಗಬೇಕು. ಇಲ್ಲಿ ಅಂಥ ಪಟ್ಟಿ ಬರುವವರೆಗೆ ಶೂ ಡಬ್ಬಿಯಲ್ಲಿ ಮಾರುವವನನ್ನು ತಡೆಯಲು ಅರಣ್ಯ ಇಲಾಖೆಯ ಬಳಿ ಯಾವ ಕಲಮೂ ಇಲ್ಲ.